ಗೌರವ ಮತ್ತು ಗಡಿ: ಲ್ಯಾಟಿನ್ ಸಂಗೀತದ ಮೂವರು ಕಲಾವಿದರಿಗೆ ಸಂದ ಮನ್ನಣೆಯ ಒಂದು ಅಧ್ಯಯನ

ಸಾರಾಂಶ

ಕಲಾವಿದರಿಗೆ ಸಲ್ಲುವ ಗೌರವವನ್ನು ಅವರ ಸಾಧನೆಯ ಅಳತೆಗೋಲು ಎಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಗೌರವಿಸುವ ರಾಷ್ಟ್ರ ಮತ್ತು ಸಂಸ್ಥೆಗಳ ನಿಲುವಿನ ದಾಖಲೆಯಾಗಿಯೂ ಅದನ್ನು ಓದಬೇಕೆಂಬುದು ಈ ಲೇಖನದ ವಾದ. ಸೆಲಿಯಾ ಕ್ರೂಸ್, ಇಬ್ರಾಹಿಂ ಫೆರೆರ್ ಮತ್ತು ಟಿಟೊ ಪುಯೆಂಟೆ ಅವರಿಗೆ ಸಂದ ಮನ್ನಣೆಯನ್ನು ಮುಂದಿಟ್ಟುಕೊಂಡು ಈ ವಾದವನ್ನು ಇಲ್ಲಿ ಪರಿಶೀಲಿಸಲಾಗಿದೆ.

1. ಪೀಠಿಕೆ

ಲ್ಯಾಟಿನ್ ಸಂಗೀತ ಎಂಬ ಹೆಸರಿನಡಿ ಕ್ಯೂಬಾದ ಸೋನ್, ಅರ್ಜೆಂಟೀನಾದ ಟ್ಯಾಂಗೊ, ಬ್ರೆಜಿಲ್‌ನ ಸಾಂಬಾ, ನ್ಯೂಯಾರ್ಕಿನಲ್ಲಿ ಬೆಳೆದ ಸಾಲ್ಸಾ ಹೀಗೆ ಹಲವು ಪರಂಪರೆಗಳಿವೆ. ಇಷ್ಟು ವಿಸ್ತಾರವಾದ ಸಂಗೀತಕ್ಕೆ ಅಮೆರಿಕದ ಗ್ರ್ಯಾಮಿ ಪ್ರಶಸ್ತಿಯಲ್ಲಿ ಮೊದಲ ಪ್ರತ್ಯೇಕ ವಿಭಾಗ ದೊರೆತದ್ದು 1976ರಲ್ಲಿ. ಪಿಯಾನೊವಾದಕ ಎಡ್ಡಿ ಪಾಲ್ಮಿಯೇರಿ ಅದರ ಮೊದಲ ವಿಜೇತರು. ಲ್ಯಾಟಿನ್ ಗ್ರ್ಯಾಮಿ ಎಂಬ ಪ್ರತ್ಯೇಕ ಸಮಾರಂಭ ಆರಂಭವಾದದ್ದು 2000ದಲ್ಲಿ. ಹಾಗಾಗಿ ಈ ಸಂಗೀತಕ್ಕೆ ದೊರೆತ ಅಧಿಕೃತ ಮನ್ನಣೆಯ ಚರಿತ್ರೆ ದೀರ್ಘವಾದುದೇನಲ್ಲ. ಅದರ ಸ್ವರೂಪ ಮಾತ್ರ ತೊಡಕಿನದು.

2. ಒಂದೇ ದಡದ ಗೌರವ: ಸೆಲಿಯಾ ಕ್ರೂಸ್

1925ರಲ್ಲಿ ಹವಾನಾದಲ್ಲಿ ಹುಟ್ಟಿದ ಸೆಲಿಯಾ ಕ್ರೂಸ್ 1950ರಲ್ಲಿ ಸೊನೋರಾ ಮಟಾನ್ಸೆರಾ ವಾದ್ಯತಂಡದ ಗಾಯಕಿಯಾದರು. ಕ್ಯೂಬಾ ಕ್ರಾಂತಿಯ ಮರುವರ್ಷ, 1960ರ ಜುಲೈನಲ್ಲಿ, ತಂಡದೊಡನೆ ಮೆಕ್ಸಿಕೊಗೆ ಹೊರಟವರಿಗೆ ಮತ್ತೆ ತವರಿಗೆ ಮರಳಲಾಗಲಿಲ್ಲ. 1962ರಲ್ಲಿ ತಾಯಿ ತೀರಿಕೊಂಡಾಗ ಅಂತ್ಯಕ್ರಿಯೆಗೆ ಬರಲೂ ಕ್ಯೂಬಾ ಸರ್ಕಾರ ಅನುಮತಿ ಕೊಡಲಿಲ್ಲ. ಅವರ ಹಾಡುಗಳಿಗೆ ಆ ದೇಶದ ಬಾನುಲಿಯಲ್ಲಿ ದಶಕಗಳ ಕಾಲ ನಿಷೇಧವಿತ್ತು.

ನೆಲೆ ಕೊಟ್ಟ ಅಮೆರಿಕ ಅವರಿಗೆ ಗೌರವದ ಮೇಲೆ ಗೌರವ ಸಲ್ಲಿಸಿತು. 1987ರಲ್ಲಿ ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ ಅವರ ಹೆಸರಿನ ನಕ್ಷತ್ರ ಮೂಡಿತು, 1994ರಲ್ಲಿ ರಾಷ್ಟ್ರೀಯ ಕಲಾ ಪದಕ ಬಂತು. 2003ರ ಜುಲೈ 16ರಂದು ಅವರು ತೀರಿಕೊಂಡ ಬಳಿಕ 2011ರಲ್ಲಿ ಅಂಚೆಚೀಟಿ, 2016ರಲ್ಲಿ ಗ್ರ್ಯಾಮಿಯ ಜೀವಮಾನ ಸಾಧನೆಯ ಗೌರವ, 2024ರಲ್ಲಿ ಕಾಲು ಡಾಲರ್ ನಾಣ್ಯ ಇವೆಲ್ಲ ಸೇರಿಕೊಂಡವು. ಅವರ ಪಾರ್ಥಿವ ಶರೀರವನ್ನು ಮೊದಲು ಸಾರ್ವಜನಿಕ ದರ್ಶನಕ್ಕೆ ಇಟ್ಟದ್ದು ಮಯಾಮಿಯ ಫ್ರೀಡಂ ಟವರ್‌ನಲ್ಲಿ. ಒಂದು ಕಾಲದಲ್ಲಿ ಕ್ಯೂಬಾದ ನಿರಾಶ್ರಿತರನ್ನು ಬರಮಾಡಿಕೊಂಡಿದ್ದ ಕಟ್ಟಡವದು. ಆ ಸ್ಥಳದ ಆಯ್ಕೆಯಲ್ಲಿ ಕಲೆಗೆ ಸಲ್ಲಿಸಿದ ನಮನದ ಜೊತೆಗೆ ರಾಜಕೀಯ ನಿಲುವೂ ಇತ್ತು.

ಕ್ರೂಸ್ ಅವರ ಯೋಗ್ಯತೆಯ ಬಗ್ಗೆ ಎರಡು ಮಾತಿಲ್ಲ. ಆದರೂ ಅವರ ಗಾಯನಕ್ಕೆ ಬೇರು ಕೊಟ್ಟ ನಾಡಿನ ಮನ್ನಣೆ ಜೀವಂತವಿದ್ದಾಗ ಅವರಿಗೆ ಸಿಗಲಿಲ್ಲ. 1990ರಲ್ಲಿ ಗ್ವಾಂಟನಾಮೊದ ಅಮೆರಿಕನ್ ನೆಲೆಯಲ್ಲಿ ಹಾಡಲು ಹೋದಾಗ ಅವರು ಅಲ್ಲಿಂದ ಕ್ಯೂಬಾದ ಹಿಡಿ ಮಣ್ಣನ್ನು ತಂದಿಟ್ಟುಕೊಂಡಿದ್ದರು. ಅವರನ್ನು ಸಮಾಧಿ ಮಾಡುವಾಗ ಆ ಮಣ್ಣನ್ನೂ ಜೊತೆಗಿಡಲಾಯಿತು.

3. ಬಾಗಿಲಲ್ಲಿ ತಡೆದ ಗೌರವ: ಇಬ್ರಾಹಿಂ ಫೆರೆರ್

ಫೆರೆರ್ ಅವರ ಕಥೆ ಇದೇ ಗಡಿಯ ಆಚೆ ಬದಿಯದು. 1927ರಲ್ಲಿ ಜನಿಸಿದ ಈ ಗಾಯಕ ಕ್ಯೂಬಾದಲ್ಲೇ ಉಳಿದರು. 1990ರ ದಶಕದ ಹೊತ್ತಿಗೆ ಹಾಡುವುದನ್ನು ಬಿಟ್ಟು, ಹವಾನಾದಲ್ಲಿ ಬೂಟು ಪಾಲಿಶ್ ಮಾಡಿ ಬದುಕುತ್ತಿದ್ದರು. 1996ರಲ್ಲಿ ಬ್ವೆನಾ ವಿಸ್ತಾ ಸೋಶಿಯಲ್ ಕ್ಲಬ್ ಧ್ವನಿಮುದ್ರಣಕ್ಕೆ ಹಳೆಯ ಕಲಾವಿದರನ್ನು ಹುಡುಕುತ್ತಿದ್ದವರು ಅವರನ್ನು ಕರೆತಂದರು. ಮರುವರ್ಷ ಬಿಡುಗಡೆಯಾದ ಆಲ್ಬಮ್‌ಗೆ 1998ರಲ್ಲಿ ಗ್ರ್ಯಾಮಿ ಬಂತು. 2000ದ ಮೊದಲ ಲ್ಯಾಟಿನ್ ಗ್ರ್ಯಾಮಿಯಲ್ಲಿ ಫೆರೆರ್ ಅವರಿಗೆ ಸಿಕ್ಕಿದ್ದು ಅತ್ಯುತ್ತಮ ಹೊಸ ಕಲಾವಿದ ಪ್ರಶಸ್ತಿ. ಆಗ ಅವರಿಗೆ 73 ವರ್ಷ. ಅರ್ಧ ಶತಮಾನ ಹಾಡಿದವರನ್ನು ಹೊಸಬರೆಂದು ಕರೆಯುವಂತಾದದ್ದರಲ್ಲಿ ಮನ್ನಣೆ ಎಷ್ಟು ತಡವಾಯಿತೆಂಬ ಅರಿಕೆಯೇ ಇದೆ.

2004ರಲ್ಲಿ ಅವರಿಗೆ ಮತ್ತೊಂದು ಗ್ರ್ಯಾಮಿ ಬಂದಾಗ, ಸಮಾರಂಭಕ್ಕೆ ಹೋಗಲು ಅಮೆರಿಕ ವೀಸಾ ಕೊಡಲಿಲ್ಲ. ಕ್ರೂಸ್ ಅವರಿಗೆ ಕ್ಯೂಬಾದ ಬಾಗಿಲು ಮುಚ್ಚಿತ್ತು, ಫೆರೆರ್ ಅವರಿಗೆ ಅಮೆರಿಕದ್ದು. ಇಬ್ಬರೂ ಹಾಡಿದ್ದು ಒಂದೇ ಪರಂಪರೆಯ ಸಂಗೀತವನ್ನು.

4. ಅಂಚೆಚೀಟಿ ಬಂತು, ವಿಭಾಗ ಹೋಯಿತು: ಟಿಟೊ ಪುಯೆಂಟೆ

ಮೂರನೆಯ ಪ್ರಸಂಗದ ಗಡಿ ದೇಶಗಳ ನಡುವಿನದಲ್ಲ. 1923ರಲ್ಲಿ ನ್ಯೂಯಾರ್ಕಿನಲ್ಲಿ, ಪೋರ್ಟೊ ರಿಕೊ ಮೂಲದ ಕುಟುಂಬದಲ್ಲಿ ಹುಟ್ಟಿದ ಪುಯೆಂಟೆ, ಹಿಂದಿನ ಸಾಲಿನಲ್ಲಿರುತ್ತಿದ್ದ ತಿಂಬಾಲೆಸ್ ಎಂಬ ಜೋಡಿ ತಾಳವಾದ್ಯವನ್ನು ವೇದಿಕೆಯ ಮುಂಭಾಗಕ್ಕೆ ತಂದವರು. ಅವರು ತೀರಿಕೊಂಡ 2000ದಲ್ಲೇ ಈಸ್ಟ್ ಹಾರ್ಲೆಮ್‌ನ 110ನೇ ಬೀದಿಗೆ ಅವರ ಹೆಸರಿಡಲಾಯಿತು. 2011ರ ಮಾರ್ಚ್ 16ರಂದು ಅಮೆರಿಕದ ಅಂಚೆ ಇಲಾಖೆ ಲ್ಯಾಟಿನ್ ಸಂಗೀತದ ಐವರು ದಿಗ್ಗಜರ ಚೀಟಿಗಳನ್ನು ಹೊರತಂದಿತು. ಕ್ರೂಸ್, ಪುಯೆಂಟೆ, ಕಾರ್ಲೋಸ್ ಗಾರ್ಡೆಲ್, ಕಾರ್ಮೆನ್ ಮಿರಾಂಡಾ ಮತ್ತು ಸೆಲೆನಾ ಆ ಐವರು. ಅವರಲ್ಲಿ ನಾಲ್ವರು ಗಾಯಕರು. ವಾದ್ಯದಿಂದಲೇ ಹೆಸರಾದವರು ಪುಯೆಂಟೆ ಒಬ್ಬರೇ.

ಇದಾಗಿ ತಿಂಗಳೂ ತುಂಬುವ ಮೊದಲೇ, ಏಪ್ರಿಲ್ 6ರಂದು, ಗ್ರ್ಯಾಮಿ ನೀಡುವ ರೆಕಾರ್ಡಿಂಗ್ ಅಕಾಡೆಮಿ ತನ್ನ 109 ವಿಭಾಗಗಳನ್ನು 78ಕ್ಕೆ ಇಳಿಸುವುದಾಗಿ ಸಾರಿತು. ತೆಗೆದುಹಾಕಿದವುಗಳಲ್ಲಿ ಲ್ಯಾಟಿನ್ ಜಾಝ್ ಕೂಡ ಇತ್ತು. ಸರ್ಕಾರದ ಒಂದು ಇಲಾಖೆ ಪುಯೆಂಟೆ ಅವರ ಮುಖವನ್ನು ಮನೆಮನೆಗೆ ಕಳಿಸುತ್ತಿದ್ದ ಹೊತ್ತಿನಲ್ಲೇ, ಅವರು ಬೆಳೆಸಿದ ಪ್ರಕಾರದ ಕಲಾವಿದರು ಪ್ರಶಸ್ತಿಗೆ ಸ್ಪರ್ಧಿಸುವ ಜಾಗವನ್ನೇ ಮತ್ತೊಂದು ಸಂಸ್ಥೆ ಕಿತ್ತುಕೊಂಡಿತು. ತಾಳವಾದಕ ಬಾಬಿ ಸನಾಬ್ರಿಯಾ ಮತ್ತು ಸಂಗಡಿಗರು ಪ್ರತಿಭಟಿಸಿ ನ್ಯಾಯಾಲಯದ ಮೆಟ್ಟಿಲೇರಿದರು. 2012ರಲ್ಲಿ ಅಕಾಡೆಮಿ ಆ ವಿಭಾಗವನ್ನು ಮರಳಿ ಸೇರಿಸಿತು. ಪುಯೆಂಟೆ ಅವರ ಪರಂಪರೆಗೆ ಸಂದ ಅತ್ಯಂತ ಅರ್ಥಪೂರ್ಣ ಗೌರವ ಈ ಹೋರಾಟವೇ ಎಂದು ನಾನು ಭಾವಿಸುತ್ತೇನೆ. ಬೀದಿಯ ಹೆಸರು, ಅಂಚೆಚೀಟಿಗಳು ಅವರು ಮಾಡಿಹೋದದ್ದನ್ನು ನೆನಪಿಸುತ್ತವೆ. ಈ ಹೋರಾಟ ಅವರ ನಂತರ ನುಡಿಸುವವರಿಗೆ ಎಡೆ ಉಳಿಸಿಕೊಟ್ಟಿತು.

5. ಉಪಸಂಹಾರ

ಈ ಮೂರು ಪ್ರಸಂಗಗಳಿಂದ ಗೌರವವನ್ನು ಒರೆಗೆ ಹಚ್ಚಬಲ್ಲ ಮೂರು ಪ್ರಶ್ನೆಗಳು ಹೊರಡುತ್ತವೆ. ಗೌರವ ಸ್ವೀಕರಿಸಲು ಕಲಾವಿದರಿಗೆ ಬಾಗಿಲು ತೆರೆದಿದೆಯೇ? ಅವರ ಪ್ರಕಾರವನ್ನು ಮುಂದುವರಿಸುವವರಿಗೆ ಜಾಗವಿದೆಯೇ? ಗಾಯಕರ ಬೆನ್ನಿಗಿರುವ ವಾದಕರು, ಸಂಯೋಜಕರು ಲೆಕ್ಕಕ್ಕೆ ಬಂದಿದ್ದಾರೆಯೇ? ಮೂರನೆಯ ಪ್ರಶ್ನೆಗೆ ಮಾರಿಯೊ ಬೌಸಾ ಒಳ್ಳೆಯ ನಿದರ್ಶನ. ಮಾಚಿಟೊ ವಾದ್ಯತಂಡದ ಸಂಗೀತ ನಿರ್ದೇಶಕರಾಗಿ ಕ್ಯೂಬಾದ ಲಯವನ್ನೂ ಜಾಝನ್ನೂ ಬೆಸೆದ, ತಾಳವಾದಕ ಚಾನೊ ಪೊಸೊ ಅವರನ್ನು ಜಾಝ್ ಕಲಾವಿದ ಡಿಜ್ಜಿ ಗಿಲೆಸ್ಪಿ ಅವರಿಗೆ ಪರಿಚಯಿಸಿದ ಬೌಸಾ ಆ ಐದು ಚೀಟಿಗಳಲ್ಲಿ ಇಲ್ಲ.

ಲ್ಯಾಟಿನ್ ಸಂಗೀತದ ಮನ್ನಣೆಯನ್ನು ಅಧ್ಯಯನ ಮಾಡುವವರು ಪ್ರಶಸ್ತಿಗಳ ಪಟ್ಟಿಗೆ ನಿಲ್ಲದೆ ನಿರಾಕರಿಸಿದ ವೀಸಾ, ನಿಷೇಧಿಸಿದ ಹಾಡು, ಅಳಿಸಿದ ವಿಭಾಗಗಳನ್ನೂ ಅದರ ಜೊತೆಗಿಟ್ಟು ಓದಬೇಕು. ಕಲಾವಿದರನ್ನು ಕೊಂಡಾಡಿ ಅವರ ಸಂಗೀತಕ್ಕೆ ದಾರಿ ಮುಚ್ಚುವ ಗೌರವ ಅರೆಗೌರವವೇ ಸರಿ.