ಪರದೇಶಿ

ವಿದೇಶಿ ಎಂದರೆ ನಮಗೆ ಗೌರವ, ಪರದೇಶಿ ಎಂದರೆ ಕನಿಕರ. ಮೂಲದಲ್ಲಿ ಎರಡಕ್ಕೂ ಅರ್ಥ ಒಂದೇ, ಬೇರೆ ದೇಶದವನು ಅಂತ. ಆದರೂ ಬಂಡವಾಳ ಬಂದರೆ ಅದು ವಿದೇಶಿ, ಸೆಂಟಿನ ಬಾಟಲಿ ಬಂದರೆ ಫಾರಿನ್ನು. ದಾವಣಗೆರೆ, ಹರಿಹರದ ಕಡೆ ಹುಟ್ಟಿದ ಓಣಿ ಬಿಟ್ಟು ಕದಲದವನೂ ಪರದೇಶಿ ಆಗಬಹುದು. ಅಪ್ಪನ ಹೆಣದ ಮುಂದೆ ಕೂತ ಮಗಳು ‘ನಮ್ಮನ್ನ ಪರದೇಶಿ ಮಾಡಿ ಹೋದ್ಯಲ್ಲೋ ಯಪ್ಪಾ’ ಎಂದು ಅಳುತ್ತಾಳೆ. ಮದುವೆ ಮನೆಯಲ್ಲಿ ಊಟಕ್ಕೆ ಏಳಿ ಅನ್ನುವವರಿಲ್ಲದೆ ಕೂತ ನೆಂಟರು ‘ನಾವೇನು ಪರದೇಶಿಗಳೇನ್ರಿ?’ ಎಂದು ಸಿಟ್ಟಾಗುತ್ತಾರೆ. ನಮ್ಮವರಿಗೆ ಇದು ಜನರ ಲೆಕ್ಕ. ಹೇಳೋರು ಕೇಳೋರು ಇಲ್ಲದವನು ಪರದೇಶಿ.

ಎಲ್ಲ ಕಡೆ ಹೀಗಿಲ್ಲ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ ಪರದೇಶಿ ಸಿನಗಾಗ್ ಎಂದೇ ಹೆಸರು. ಹೊರಗಿನಿಂದ ಬಂದವರದು ಎಂಬಷ್ಟೇ ಅರ್ಥ. ಬಂದರಿನ ಊರಿಗೆ ಹೊರಗಿನವನೆಂದರೆ ವ್ಯಾಪಾರಸ್ಥ. ಒಳನಾಡಿನ ನಮ್ಮ ಹಳ್ಳಿಗಳಿಗೆ ಗುರುತಿಲ್ಲದವನು ಬಂದನೆಂದರೆ ಬರಕ್ಕೋ ಸಾಲಕ್ಕೋ ಊರು ಬಿಟ್ಟವನೇ ಹೆಚ್ಚು. ಬಡತನ ಈ ಮಾತಿಗೆ ಅಂಟಿದ್ದು ಹಾಗೇ ಇರಬೇಕೆಂದು ನನ್ನ ಊಹೆ.

ಹರಿಹರದ ನನ್ನ ತಂಗಿಯ ಮಗಳು ಓದಲು ಲಂಡನ್ನಿಗೆ ಹೋದಳು. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಹೊತ್ತು ಮುಳುಗುತ್ತದೆ. ಕಾಲೇಜು ನಡೆಯುವ ದಿನಗಳಲ್ಲಿ ವಾರಕ್ಕೆ 20 ತಾಸಿಗಿಂತ ಹೆಚ್ಚು ದುಡಿಯುವಂತಿಲ್ಲ. ಚಳಿ, ಬಾಡಿಗೆ, ದುಡ್ಡಿನ ಕಷ್ಟ ಎಲ್ಲ ಹೇಳುತ್ತಾಳೆಂದುಕೊಂಡಿದ್ದೆ. ಅವಳು ಹೇಳಿದ್ದು ಬೇರೆ. ‘ಟ್ರೈನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಂಗೆ ಕುಂತಿರ್ತೀವಿ ಮಾಮ, ಯಾವೂರು ಅಂತ ಒಬ್ರೂ ಕೇಳಲ್ಲ.’

ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಕಾಲೇಜಿಗೆ ಓಡಾಡಿದವಳು ಅವಳು. ಪಕ್ಕದ ಸೀಟಿನ ಹೆಂಗಸು ಇಳಿಯುವುದರೊಳಗೆ ಊರು, ಮನೆದೇವರು, ಯಾರ ಪೈಕಿ ಎಲ್ಲ ಕೇಳಿ ಮುಗಿಸುತ್ತಿದ್ದಳು. ಆಗ ಅದು ಇವಳಿಗೆ ಕಿರಿಕಿರಿ. ಒಂದು ಭಾನುವಾರ ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ನೋಡಲು ಹೋಗಿದ್ದಳಂತೆ, 2015ರ ನವೆಂಬರ್ 14ರಂದು ಅನಾವರಣವಾದದ್ದು. ಅಮ್ಮನೊಡನೆ ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡ ವಯಸ್ಸಾದ ದಂಪತಿ ಹತ್ತಿರ ಬಂದರು. ‘ಯಾವೂರವ್ವ ನಿಂದು?’ ‘ಹರಿಹರ.’ ‘ಹರಿಹರದಾಗ ಯಾರ ಪೈಕಿ?’ ಅವರದು ರಾಣೆಬೆನ್ನೂರು, ಮಗನ ಮನೆಗೆ ಬಂದಿದ್ದರು. ಡಬ್ಬಿ ಬಿಚ್ಚಿ ಚಪಾತಿ, ಶೇಂಗಾ ಚಟ್ನಿ ಕೊಟ್ಟರು. ಅಂದು ರಾತ್ರಿ ನನಗೆ ಫೋನ್ ಮಾಡಿದಾಗ ಅವಳು ಬರೀ ಆ ಅಜ್ಜಿಯ ಮಾತೇ ಆಡಿದಳು.

ಮಕ್ಕಳನ್ನು ಹೊರದೇಶಕ್ಕೆ ಕಳಿಸುವಾಗ ಈ ಭಾಗದ ತಾಯಂದಿರಿಗೆ ಎದೆ ಡವಗುಟ್ಟಲು ಕಾರಣವೂ ಇದೆ. ರಾಣೆಬೆನ್ನೂರು ತಾಲ್ಲೂಕು ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ದಿನಸಿ ತರಲು ಹೋದವನು ಯುದ್ಧದ ದಾಳಿಗೆ ಸಿಕ್ಕಿ ಸತ್ತ. ದೇಹ ಊರಿಗೆ ಬರಲು ಸುಮಾರು ಮೂರು ವಾರ ಬೇಕಾಯಿತು. ಮನೆಯವರು ಅದನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ, ವಿದ್ಯಾರ್ಥಿಗಳ ಕಲಿಕೆಗೆಂದು ದಾನ ಮಾಡಿದರು. ಪುತ್ರಶೋಕದಲ್ಲೂ ಯಾರದೋ ಮಕ್ಕಳ ಓದನ್ನು ನೆನೆದ ಆ ತಂದೆ ತಾಯಿಗೆ ಕೈಮುಗಿಯುತ್ತೇನೆ.

ಅಂಥ ಯಾರದೋ ಮಕ್ಕಳು ದಾವಣಗೆರೆಯಲ್ಲಿ ಬಹಳ ಕಾಲದಿಂದ ಇದ್ದಾರೆ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಶುರುವಾದ ಮೇಲೆ ದೂರದ ರಾಜ್ಯಗಳ ಹುಡುಗರು ಇಲ್ಲಿ ರೂಮು ಮಾಡಿಕೊಂಡು ಓದಿದರು, ಈಗಲೂ ಓದುತ್ತಿದ್ದಾರೆ. ಅವರನ್ನು ನಾವು ‘ಹಿಂದಿ ಹುಡುಗ್ರು’ ಎಂದು ಒಟ್ಟಾಗಿ ಕರೆದು ಸುಮ್ಮನಾಗುತ್ತೇವೆ. ನಮ್ಮೂರ ಕಾರ, ನಮ್ಮೂರ ಬಿಸಿಲು, ನಮ್ಮ ಮಾತು ಯಾವುದೂ ಅವರಿಗೆ ಗೊತ್ತಿಲ್ಲ. ಬಸ್ಸಿನಲ್ಲಿ ಎಲ್ಲರನ್ನೂ ವಿಚಾರಿಸುವ ನಾವು ಅವರ ಪಕ್ಕ ಕೂತಾಗ ಮಾತ್ರ ಕಿಟಕಿ ನೋಡುತ್ತೇವೆ.

ನಿಮ್ಮ ಮಹಡಿಯ ರೂಮಿನಲ್ಲಿ ಅಂಥ ಹುಡುಗನೋ ಹುಡುಗಿಯೋ ಇದ್ದರೆ, ಈ ತಿಂಗಳ ಬಾಡಿಗೆ ಇಸಿದುಕೊಳ್ಳುವಾಗ ಊರು ಯಾವುದು, ಮನೆಯಲ್ಲಿ ಯಾರ್ಯಾರಿದ್ದಾರೆ, ಊಟ ಆಯ್ತಾ ಎಂದು ಕೇಳಿ. ಕನ್ನಡದಲ್ಲೇ ಕೇಳಿ, ಕಲಿಯುತ್ತಾರೆ.