ಕಾಸರಗೋಡಿನ ವಿಡಂಬನ ಚಲನಚಿತ್ರಗಳು

ಕಾಸರಗೋಡು ಜಿಲ್ಲೆಯಲ್ಲಿ ಕಥೆ ನೆಲೆಗೊಳಿಸಿ, ಸರ್ಕಾರಿ ವ್ಯವಸ್ಥೆಯ ಎಡವಟ್ಟುಗಳನ್ನು ನಗಿಸುತ್ತಲೇ ಒರೆಗೆ ಹಚ್ಚಿದ ಕನ್ನಡ ಮತ್ತು ಮಲಯಾಳಂ ಚಿತ್ರಗಳು. ಇವುಗಳಲ್ಲಿ ಪ್ರಮುಖವಾದವು 2017ರಿಂದ 2022ರ ಅವಧಿಯಲ್ಲಿ ತೆರೆಕಂಡವು.

ಹಿನ್ನೆಲೆ: ತಪ್ಪು ಆದೇಶದ ಭಯವನ್ನು ವಿಡಂಬನೆಯಾಗಿಸಿದ ಜಾಗತಿಕ ಮಾದರಿ ಸ್ಟಾನ್ಲಿ ಕುಬ್ರಿಕ್ ಅವರ ‘ಡಾ. ಸ್ಟ್ರೇಂಜ್‌ಲವ್’ (1964). ಪೀಟರ್ ಜಾರ್ಜ್ ಅವರ 1958ರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಬುದ್ಧಿ ಕೆಟ್ಟ ಸೇನಾಧಿಕಾರಿಯೊಬ್ಬ ಅಣುಬಾಂಬ್ ದಾಳಿಗೆ ಆಜ್ಞೆ ಕೊಡುತ್ತಾನೆ. ಒಂದು ವಿಮಾನವನ್ನು ಮಾತ್ರ ಯಾರಿಂದಲೂ ಹಿಂದಕ್ಕೆ ಕರೆಸಲಾಗುವುದಿಲ್ಲ. ಕಾಸರಗೋಡಿನ ಚಿತ್ರಗಳಲ್ಲಿ ಬಾಂಬ್ ಇಲ್ಲ. ಆದರೆ ಮೇಲಿನವರ ಒಂದು ಸಹಿ ಕೆಳಗಿನವರ ಬದುಕನ್ನು ಬುಡಮೇಲು ಮಾಡುವ ಬಗೆ ಇಲ್ಲಿಯೂ ಅದೇ.

ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳದ ಪಾಲಾಯಿತು. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರ ನೇಮಕ ಇಲ್ಲಿನ ಕನ್ನಡಿಗರನ್ನು ಮತ್ತೆ ಮತ್ತೆ ಬೀದಿಗಿಳಿಸಿದ ನೋವು.

ಪ್ರಮುಖ ಚಿತ್ರಗಳು: ದಿಲೀಶ್ ಪೋತ್ತನ್ ಅವರ ‘ತೊಂಡಿಮುದಲುಂ ದೃಕ್‌ಸಾಕ್ಷಿಯುಂ’ (2017) ಬಸ್ಸಿನಲ್ಲಿ ಕದ್ದ ಸರವನ್ನು ನುಂಗಿದ ಕಳ್ಳನ ಸುತ್ತ ಪೊಲೀಸ್ ಠಾಣೆಯೊಂದು ಪಡುವ ಪಾಡನ್ನು ತೋರಿಸುತ್ತದೆ.

ರಿಷಬ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ 2018ರ ಆಗಸ್ಟ್ 24ರಂದು ಬಿಡುಗಡೆಯಾಯಿತು. ಕನ್ನಡ ಶಾಲೆಯ ಗಣಿತದ ತರಗತಿಗೆ ಮಲಯಾಳಂ ಮಾತ್ರ ಬಲ್ಲ ಮೇಷ್ಟ್ರು ಬರುತ್ತಾರೆ. ಅವರು ಹೇಳಿದ್ದು ಮಕ್ಕಳಿಗೆ ತಿಳಿಯದು, ಮಕ್ಕಳ ಪ್ರಶ್ನೆ ಅವರಿಗೆ ತಿಳಿಯದು. ಚಿತ್ರಮಂದಿರದಲ್ಲಿ ನಗೆ ಉಕ್ಕಿಸುವ ಈ ದೃಶ್ಯ ಗಡಿನಾಡಿನ ಪೋಷಕರಿಗೆ ದಿನನಿತ್ಯದ ಸಂಕಟ. ಶಾಲೆಗೆ ಬೀಗ ಬೀಳುವ ಹೊತ್ತಿಗೆ ಮಕ್ಕಳು ಮೈಸೂರಿಗೆ ಹೋಗಿ ಅನಂತಪದ್ಮನಾಭ (ಅನಂತ್ ನಾಗ್) ಎಂಬವರ ನೆರವು ಪಡೆದು ನ್ಯಾಯಾಲಯದಲ್ಲಿ ಹೋರಾಡುತ್ತಾರೆ. ಚಿತ್ರದಲ್ಲಿ ಭುಜಂಗ ಎಂಬ ಪಾತ್ರವನ್ನು ಪ್ರಕಾಶ್ ತೂಮಿನಾಡು ನಿರ್ವಹಿಸಿದರು. ಚಿತ್ರಕ್ಕೆ ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಚಿತ್ರೀಕರಣ ನಡೆದದ್ದು ಗಡಿಯಾಚೆ, ಬಂಟ್ವಾಳ ತಾಲ್ಲೂಕಿನ ಕೈರಂಗಳದ ಶಾಲೆಯಲ್ಲಿ. ಮುಂದೆ ರಿಷಬ್ ಆ ಶಾಲೆಯನ್ನು ದತ್ತು ಪಡೆದರು.

ರತೀಶ್ ಬಾಲಕೃಷ್ಣನ್ ಪೊದುವಾಳ್ ಅವರ ‘ನ್ನಾ ತಾನ್ ಕೇಸ್ ಕೊಡು’ (2022) ಚಿತ್ರದಲ್ಲಿ ನಾಯಿಯಿಂದ ಕಚ್ಚಿಸಿಕೊಂಡ ಮಾಜಿ ಕಳ್ಳನೊಬ್ಬ ತನ್ನ ಪಾಡಿಗೆ ರಸ್ತೆಯ ಗುಂಡಿಯೇ ಮೂಲವೆಂದು ವಾದಿಸಿ, ಲೋಕೋಪಯೋಗಿ ಸಚಿವರನ್ನೇ ಕಟಕಟೆಗೆ ಎಳೆಯುತ್ತಾನೆ.

ನಗು ಒಲ್ಲದ ವಸ್ತು: ಆಕಾಶದಿಂದ ಎರಗುವ ಆಪತ್ತನ್ನು ಈ ಜಿಲ್ಲೆ ನಿಜವಾಗಿಯೂ ಕಂಡಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ 2000ದವರೆಗೂ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಲಾಯಿತು. ಅದರ ಸಂತ್ರಸ್ತರ ಬದುಕನ್ನು ಡಾ. ಬಿಜು ‘ವಲಿಯ ಚಿರಗುಳ್ಳ ಪಕ್ಷಿಗಳ್’ (2015) ಚಿತ್ರದಲ್ಲಿ ಗಂಭೀರವಾಗಿಯೇ ನಿರೂಪಿಸಿದರು.

ಮಹತ್ವ: ಈ ವಿಡಂಬನೆಗಳು ದೂರನ್ನು ಅರ್ಜಿಯಿಂದ ಹೊರತಂದು ಜನರ ಬಾಯಿಗೆ ತಲುಪಿಸಿದವು. ಕುಬ್ರಿಕ್‌ನ ವಿಮಾನ ಹಿಂದಿರುಗಲಿಲ್ಲ. ಶಾಲೆಗೆ ಬಂದ ಆದೇಶವನ್ನು ಮಾತ್ರ ಪ್ರಶ್ನಿಸಬಹುದು, ಹಿಂದೆಗೆಸಬಹುದು. ಗಡಿನಾಡ ಮಕ್ಕಳಿಗೆ ಆ ಧೈರ್ಯ ಕೊಟ್ಟದ್ದೇ ರಾಮಣ್ಣ ರೈ ಶಾಲೆಯ ಕಥೆಯ ದೊಡ್ಡ ಕೊಡುಗೆ.