ಟಿಪ್ಪುವಿನ ಪತ್ರಗಳೂ ನಮ್ಮ ವಾಟ್ಸ್‌ಆ್ಯಪೂ



ನಮ್ಮ ಕಾರಮಡೈ ಇರುವ ಕೊಯಮತ್ತೂರು ಸೀಮೆ 1799ರಲ್ಲಿ ಟಿಪ್ಪು ಸುಲ್ತಾನ ಮಡಿಯುವ ತನಕ ಮೈಸೂರಿಗೆ ಸೇರಿತ್ತು. ಶ್ರೀರಂಗಪಟ್ಟಣದಿಂದ ಇತ್ತ ಬರುವವರಿಗೆ ಗಜಲಹಟ್ಟಿ ಘಟ್ಟ ಒಂದು ಮುಖ್ಯ ದಾರಿ. ಪತ್ರ ಶತ್ರುವಿನ ಕೈಗೆ ಬೀಳುವುದಾದರೆ ಇಂಥ ದಾರಿಯಲ್ಲೇ ಎಂದು ನಾವು ಅಂದುಕೊಳ್ಳುತ್ತೇವೆ. ಟಿಪ್ಪುವಿನ ವಿಷಯದಲ್ಲಿ ಆದದ್ದು ಬೇರೆ. ಕೋಟೆ ಬಿದ್ದ ಮೇಲೆ ಅರಮನೆಯಲ್ಲಿ ಜೋಪಾನವಾಗಿ ಇಟ್ಟಿದ್ದ ಪತ್ರಗಳ ದಾಖಲೆಯೇ ಇಂಗ್ಲಿಷರ ವಶವಾಯಿತು. ವಿಲಿಯಂ ಕರ್ಕ್‌ಪ್ಯಾಟ್ರಿಕ್ ಎಂಬ ಕಂಪನಿ ಅಧಿಕಾರಿ ಪಾರಸಿಯಲ್ಲಿದ್ದ ಆ ಪತ್ರಗಳನ್ನು ಆರಿಸಿ, ಅನುವಾದಿಸಿ, 1811ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಅಧಿಕಾರಿಗಳಿಗೆ ಟಿಪ್ಪು ಗದರಿ ಬರೆದದ್ದನ್ನೂ ಊರವರೆಲ್ಲ ಓದಿದರು! ದಾರಿಯಲ್ಲಿ ಉಳಿದದ್ದು ಮನೆಯಲ್ಲಿ ಹೋಯಿತು.

ಆಮೇಲೆ 1879ರಲ್ಲಿ ಕಾಲಾಣೆಯ ಅಂಚೆ ಕಾರ್ಡು ಬಂತು. ಅದರಲ್ಲಿ ಮುಚ್ಚುಮರೆಯೇ ಇಲ್ಲ, ಅಂಚೆಯಣ್ಣನೇ ಮೊದಲ ಓದುಗ. (ಓದು ಬಾರದ ಮನೆಗಳಲ್ಲಿ ಓದಿ ಹೇಳುತ್ತಿದ್ದವನೂ ಅವನೇ.) ಟೆಲಿಫೋನಿನ ಕಾಲಕ್ಕೆ ಕದ್ದಾಲಿಕೆ ಬಂತು. ಅದರ ಆರೋಪದಿಂದ 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಪದವಿ ಬಿಟ್ಟರು. ಕೊನೆಗೆ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆಧಾರ್ ವಿರುದ್ಧ 2012ರಲ್ಲೇ ಆ ಮೊಕದ್ದಮೆ ಹೂಡಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ಎಂಬತ್ತು ದಾಟಿದ ಕನ್ನಡನಾಡಿನ ಹಿರಿಯರೊಬ್ಬರು ಇಡೀ ದೇಶಕ್ಕೆ ಗಳಿಸಿಕೊಟ್ಟ ಹಕ್ಕು ಇದು. ಪಾಠಪುಸ್ತಕದಲ್ಲಿ ಇರಲಿ ಬಿಡಲಿ, ಮಕ್ಕಳಿಗೆ ನಾವು ಹೇಳಲೇಬೇಕು.

ಈಗ ಮೊಬೈಲಿಗೆ ಬರೋಣ. ವಾಟ್ಸ್‌ಆ್ಯಪ್ 2016ರಿಂದ ಸಂದೇಶಗಳಿಗೆ ಬೀಗ ಹಾಕಿದೆ, ನಡುದಾರಿಯಲ್ಲಿ ಕಂಪನಿಯೂ ಓದಲಾರದು. ಆದರೆ ಯಾರು ಯಾರಿಗೆ ಯಾವಾಗ ಕಳಿಸಿದರು ಎಂಬ ವಿವರ ಅದಕ್ಕೆ ಸಿಗುತ್ತದೆ. ಗೂಗಲ್ ಡ್ರೈವಿನಲ್ಲಿ ಉಳಿಯುವ ಬ್ಯಾಕಪ್ಪಿಗೆ ಬೀಗ ಬೇಕಾದರೆ ಸೆಟ್ಟಿಂಗ್ಸಿಗೆ ಹೋಗಿ ನಾವೇ ಹಾಕಬೇಕು. 2021ರಿಂದ ಈ ಸೌಲಭ್ಯವಿದೆ. ಟೆಲಿಗ್ರಾಂನ ಸಾಮಾನ್ಯ ಮಾತುಕತೆ ಕಂಪನಿಯ ಸರ್ವರಿನಲ್ಲೇ ಇರುತ್ತದೆ, ಪೂರ್ತಿ ಬೀಗ 'ಸೀಕ್ರೆಟ್ ಚಾಟ್'ಗೆ ಮಾತ್ರ. ಸಿಗ್ನಲ್ ಲಾಭಕ್ಕಾಗಿ ನಡೆಯುವ ಸಂಸ್ಥೆಯದಲ್ಲ; ಬೀಗ ಎಲ್ಲದಕ್ಕೂ ಇದೆ, ಕೂಡಿಡುವ ವಿವರವೂ ತೀರ ಕಡಿಮೆ. ನಮ್ಮ ಒಲವು ಅದರ ಕಡೆಗೇ. ಆದರೆ ಪೋಷಕರೆಲ್ಲ ವಾಟ್ಸ್‌ಆ್ಯಪಿನಲ್ಲಿರುವಾಗ ಶಾಲೆಯೊಂದೇ ಅಲ್ಲಿಗೆ ಹೋಗಿ ಏನು ಮಾಡೀತು?

ಯಾವ ಆ್ಯಪ್ ಆದರೂ ಗುಂಪಿಗೆ ಹಾಕಿದ್ದು ನೂರು ಫೋನುಗಳಲ್ಲಿ ನೂರು ಪ್ರತಿಯಾಗಿ ಕೂತಿರುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಾದರೆ ತಾಯಂದಿರ ಫೋನ್ ನಂಬರೂ ಬಯಲಾಗಬಹುದು. ಆದ್ದರಿಂದ ಗುಂಪಿನಲ್ಲಿ ರಜೆ, ಪರೀಕ್ಷೆ, ಸಭೆಯ ಸುದ್ದಿ ಸಾಕು. ಮಕ್ಕಳ ಆಧಾರ್, ಜಾತಿ ಪ್ರಮಾಣಪತ್ರ, ಅಂಕಪಟ್ಟಿಗಳ ಫೋಟೋ ಅಲ್ಲಿಗೆ ಬೇಡ, ಜೆರಾಕ್ಸ್ ಪ್ರತಿಯನ್ನು ಶಾಲೆಗೇ ತಂದುಕೊಡಿ.